ಹೆರಿಗೆ ನೋವಿನ ಭಯ ಮತ್ತು ನೋವು ಶಮನದ ಆಯ್ಕೆ: ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಗರ್ಭಿಣಿಯರು ತಿಳಿದಿರಬೇಕಾದದ್ದು

ಮಧುಗಿರಿ: ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕೆಂಬ ಪದ್ಧತಿ ತುಮಕೂರು ಜಿಲ್ಲೆಯ ಉತ್ತರ ಭಾಗದ ತಾಲೂಕುಗಳಲ್ಲಿ ಇಂದಿಗೂ ಗಟ್ಟಿಯಾಗಿದೆ. ಬೆಂಗಳೂರಿನಲ್ಲಿ ಸಂಸಾರ ಹೂಡಿದ ಹೆಣ್ಣುಮಗಳು ಏಳನೆಯ ಇಲ್ಲವೇ ಒಂಬತ್ತನೆಯ ತಿಂಗಳಿನಲ್ಲಿ ಸೀಮಂತ ಮುಗಿಸಿಕೊಂಡು ಮಧುಗಿರಿಗೋ, ಶಿರಾಕ್ಕೋ, ಕೊರಟಗೆರೆಗೋ, ಪಾವಗಡಕ್ಕೋ ಬರುತ್ತಾಳೆ. ಅಲ್ಲಿಯವರೆಗೆ ಆಕೆಯ ತಪಾಸಣೆ ನಡೆದಿರುವುದು ರಾಜಧಾನಿಯ ಯಾವುದೋ ಆಸ್ಪತ್ರೆಯಲ್ಲಿ. ಅಲ್ಲಿನ ಗೋಡೆಯ ಮೇಲೆ ‘ನೋವುರಹಿತ ಹೆರಿಗೆ’ ಎಂಬ ಫಲಕವನ್ನು ಆಕೆ ಓದಿರುತ್ತಾಳೆ. ಅದೇ ಸೌಲಭ್ಯ ತವರಿನ ತಾಲೂಕಿನಲ್ಲಿ ದೊರೆಯುತ್ತದೆಯೇ ಎಂಬ ಪ್ರಶ್ನೆ ಮಾತ್ರ ಬಹುತೇಕ ಮನೆಗಳಲ್ಲಿ ಬೇನೆ ಶುರುವಾದ ರಾತ್ರಿಯವರೆಗೆ ಏಳುವುದೇ ಇಲ್ಲ.

ನೋವು ಶಮನದ ಆಯ್ಕೆ ಹೆರಿಗೆ ಕೋಣೆಯಲ್ಲಿ ನಡೆಯುವುದೆಂಬುದು ಸಾಮಾನ್ಯ ನಂಬಿಕೆ. ವಾಸ್ತವದಲ್ಲಿ ಎಲ್ಲಿ ಹೆರಿಗೆಯಾಗಬೇಕೆಂದು ಹಿರಿಯರು ನಿರ್ಧರಿಸಿದ ದಿನವೇ ಆ ಆಯ್ಕೆಯೂ ಮುಗಿದಿರುತ್ತದೆ. ಯಾವ ಆಸ್ಪತ್ರೆಯಲ್ಲಿ ಅರಿವಳಿಕೆ ತಜ್ಞರು ರಾತ್ರಿ ಇರುತ್ತಾರೆ, ಯಾವ ಆಸ್ಪತ್ರೆಯಲ್ಲಿ ತಾಯಿಯನ್ನು ಮಗಳ ಪಕ್ಕದಲ್ಲಿ ನಿಲ್ಲಲು ಬಿಡುತ್ತಾರೆ, ತುರ್ತು ಬಿದ್ದರೆ ತುಮಕೂರು ಎಷ್ಟು ದೂರ ಎಂಬ ಮೂರು ಸಂಗತಿಗಳೇ ಉಳಿದೆಲ್ಲವನ್ನೂ ನಿರ್ಣಯಿಸುತ್ತವೆ. ಆದುದರಿಂದ ಈ ವಿಷಯವನ್ನು ತಿಳಿದುಕೊಳ್ಳಬೇಕಾದ ಕಾಲ ಸೀಮಂತಕ್ಕೆ ಮುಂಚಿನದು.

ನರಸಮ್ಮನವರ ತಾಲೂಕು

ಹೆರಿಗೆಯ ಮಾತು ಬಂದಾಗ ಪಾವಗಡದ ಹೆಸರನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಈ ತಾಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ ಸುಮಾರು ಏಳು ದಶಕಗಳ ಕಾಲ ಯಾವ ಪ್ರತಿಫಲವನ್ನೂ ಪಡೆಯದೆ 15 ಸಾವಿರಕ್ಕೂ ಅಧಿಕ ಹೆರಿಗೆಗಳನ್ನು ಮಾಡಿಸಿದವರು. ತುಮಕೂರು ವಿಶ್ವವಿದ್ಯಾನಿಲಯ 2014ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. 2018ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿತು. ಅದೇ ವರ್ಷದ ಡಿಸೆಂಬರ್ 25ರಂದು ತಮ್ಮ 98ನೆಯ ವಯಸ್ಸಿನಲ್ಲಿ ಅವರು ನಿಧನರಾದರು. ಅಕ್ಷರಾಭ್ಯಾಸವಿಲ್ಲದ ಈ ತಾಯಿ ಹೊಟ್ಟೆಯ ಮೇಲೆ ಕೈಯಿಟ್ಟು ಶಿಶುವಿನ ತಲೆಯ ಸ್ಥಾನವನ್ನು ಅರಿಯಬಲ್ಲವರಾಗಿದ್ದರೆಂದು ಅವರನ್ನು ಕುರಿತು ಬರೆದವರೆಲ್ಲ ದಾಖಲಿಸಿದ್ದಾರೆ.

ನರಸಮ್ಮನವರನ್ನು ನೆನೆಯುವುದೆಂದರೆ ಮನೆ ಹೆರಿಗೆಗೆ ಮರಳಬೇಕೆಂದು ಹೇಳಿದಂತಲ್ಲ. ರಕ್ತಸ್ರಾವ, ನಂಜು, ರಕ್ತದೊತ್ತಡಗಳಿಗೆ ಸೂಲಗಿತ್ತಿಯ ಬಳಿ ಔಷಧವಿರಲಿಲ್ಲ. 2018-20ರ ಅವಧಿಯ ಲೆಕ್ಕದಂತೆ ರಾಜ್ಯದಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ ತಾಯಂದಿರ ಮರಣ 69ಕ್ಕೆ ಇಳಿದಿರುವುದರಲ್ಲಿ ಆಸ್ಪತ್ರೆ ಹೆರಿಗೆಯ ಪಾಲು ದೊಡ್ಡದು. ಆದರೆ ಹಳೆಯ ವ್ಯವಸ್ಥೆಯಲ್ಲಿದ್ದು ಆಸ್ಪತ್ರೆಯಲ್ಲಿ ಕಳೆದುಹೋದ ಒಂದು ಅಂಶವಿದೆ. ಸೂಲಗಿತ್ತಿ ಬೇನೆ ಶುರುವಾದಾಗ ಬಂದವಳು ಮಾಸು ಬೀಳುವವರೆಗೆ ಬಸುರಿಯನ್ನು ಬಿಟ್ಟು ಕದಲುತ್ತಿರಲಿಲ್ಲ. ಸೊಂಟ ನೀವುವುದು, ಬಿಸಿನೀರು ಹಾಕುವುದು, ನಡೆಸುವುದು, ಗೋಡೆ ಹಿಡಿದು ಕೂರಿಸುವುದು, ಧೈರ್ಯ ಹೇಳುವುದು ಇವೆಲ್ಲ ಆಕೆಯ ಕೆಲಸದ ಭಾಗವೇ ಆಗಿದ್ದವು. ಇಂದು ವಿಶ್ವ ಆರೋಗ್ಯ ಸಂಸ್ಥೆ ಹೆರಿಗೆ ನೋವಿನ ನಿರ್ವಹಣೆಗೆ ಶಿಫಾರಸು ಮಾಡುವ ಔಷಧರಹಿತ ಕ್ರಮಗಳ ಪಟ್ಟಿಯೂ ಬಹುಮಟ್ಟಿಗೆ ಇದೇ ಎಂಬುದು ಗಮನಾರ್ಹ.

ನೋವು ಎಲ್ಲಿಂದ, ಎಷ್ಟು ಹೊತ್ತು

ಗರ್ಭಕೋಶ ಬಲವಾದ ಸ್ನಾಯುಗಳಿಂದಾದ ಚೀಲ. ಅದು ಬಿಗಿಯಾಗುತ್ತ ಸಡಿಲವಾಗುತ್ತ ತನ್ನ ಬಾಯಿಯನ್ನು ತೆರೆದುಕೊಳ್ಳುತ್ತದೆ. ಹತ್ತು ಸೆಂಟಿಮೀಟರ್ ತೆರೆದ ಬಳಿಕ ಶಿಶು ಕೆಳಗಿಳಿಯುತ್ತದೆ. ಮೊದಲ ಹಂತದ ನೋವು ಕಿಬ್ಬೊಟ್ಟೆ ಹಾಗೂ ಸೊಂಟದಲ್ಲಿ ಹರಡಿ ಕಾಣಿಸಿದರೆ, ಕೊನೆಯ ಹಂತದ ನೋವು ಯೋನಿಮಾರ್ಗದ ಹಿಗ್ಗುವಿಕೆಯಿಂದ ಬರುವಂಥದು, ಹೆಚ್ಚು ತೀಕ್ಷ್ಣವಾದುದು. ಈ ಎರಡು ನೋವುಗಳ ನರಮಾರ್ಗಗಳು ಬೇರೆಬೇರೆ. ಮೊದಲನೆಯದಕ್ಕೆ ನಾಟುವ ಉಪಾಯ ಎರಡನೆಯದಕ್ಕೆ ಸಾಲದೆ ಹೋಗುವುದು ಇದರಿಂದಲೇ.

ವಿಶ್ವ ಆರೋಗ್ಯ ಸಂಸ್ಥೆಯ 2018ರ ಮಾರ್ಗಸೂಚಿ ಐದು ಸೆಂಟಿಮೀಟರ್ ತೆರೆದ ಮೇಲಷ್ಟೇ ಹೆರಿಗೆ ಚುರುಕಿನ ಹಂತಕ್ಕೆ ಬಂದಿತೆಂದು ಪರಿಗಣಿಸುತ್ತದೆ. ಅಲ್ಲಿಂದ ಮುಂದೆ ಚೊಚ್ಚಲ ಹೆರಿಗೆಯಲ್ಲಿ ಬಾಯಿ ಪೂರ್ತಿ ತೆರೆಯಲು ಸಾಮಾನ್ಯವಾಗಿ 12 ಗಂಟೆ ಮೀರುವುದಿಲ್ಲ. ನಂತರದ ಹೆರಿಗೆಗಳಲ್ಲಿ 10 ಗಂಟೆ ಮೀರುವುದಿಲ್ಲ. ಮುಕ್ಕುವ ಹಂತ ಚೊಚ್ಚಲಿಗೆ ಬಹುತೇಕ 3 ಗಂಟೆಯೊಳಗೆ, ಅನಂತರದವಕ್ಕೆ 2 ಗಂಟೆಯೊಳಗೆ ಮುಗಿಯುತ್ತದೆ. ಐದು ಸೆಂಟಿಮೀಟರಿಗೆ ಮುಂಚಿನ ನಿಧಾನಗತಿಯ ನೋವು ಒಂದು ದಿನವಿಡೀ ಇರಬಹುದು, ಹೆಚ್ಚೂ ಇರಬಹುದು. ‘ಎರಡು ದಿನ ನೋವು ತಿಂದೆ’ ಎಂದು ನೆರೆಯವರು ಹೇಳುವ ಕಥೆಗಳಲ್ಲಿ ದೊಡ್ಡ ಪಾಲು ಈ ನಿಧಾನ ಹಂತಕ್ಕೆ ಸೇರಿದ್ದು.

ಇನ್ನೊಂದು ಲೆಕ್ಕವನ್ನು ಗರ್ಭಿಣಿಯರಿಗೆ ಯಾರೂ ಹೇಳುವುದಿಲ್ಲ. ಬೇನೆ ಅಲೆಯಂತೆ ಬಂದು ಹೋಗುವಂಥದು. ಹತ್ತು ನಿಮಿಷಕ್ಕೆ ಮೂರು ಬಾರಿಯಂತೆ, ಪ್ರತಿ ಬಾರಿ 45 ಸೆಕೆಂಡುಗಳಂತೆ ಬಂದರೂ ಒಂದು ಗಂಟೆಯಲ್ಲಿ ನೋವಿರುವುದು ಹದಿಮೂರೂವರೆ ನಿಮಿಷ ಮಾತ್ರ. ಉಳಿದ ನಲವತ್ತಾರೂವರೆ ನಿಮಿಷ ಬಿಡುವು. ಆ ಬಿಡುವಿನಲ್ಲಿ ಮೈ ಸಡಿಲಬಿಟ್ಟು ವಿರಮಿಸುವವಳಿಗೂ ಮುಂದಿನ ಅಲೆಗೆ ಹೆದರಿ ಹಲ್ಲುಕಚ್ಚಿ ಕಾಯುವವಳಿಗೂ ಅನುಭವದಲ್ಲಿ ಅಜಗಜಾಂತರ. ಬಿಡುವೇ ಇಲ್ಲದೆ ಒಂದೇ ಸಮನೆ ನೋಯುತ್ತ ಹೊಟ್ಟೆ ಕಲ್ಲಿನಂತಾದರೆ ಅದು ಸಹಜ ಬೇನೆಯಲ್ಲ, ತಕ್ಷಣ ವೈದ್ಯರಿಗೆ ತಿಳಿಸಬೇಕಾದ ಅಪಾಯ ಸೂಚನೆ.

ಭಯವು ನೋವನ್ನು ಹೆಚ್ಚಿಸುತ್ತದೆಂಬುದನ್ನು ಬ್ರಿಟಿಷ್ ವೈದ್ಯ ಗ್ರಾಂಟ್ಲಿ ಡಿಕ್-ರೀಡ್ ಕಳೆದ ಶತಮಾನದ ಪೂರ್ವಾರ್ಧದಲ್ಲೇ ಪ್ರತಿಪಾದಿಸಿದ್ದರು. ಭಯದಿಂದ ಸ್ನಾಯು ಬಿಗಿತ, ಬಿಗಿತದಿಂದ ನೋವು, ನೋವಿನಿಂದ ಮತ್ತಷ್ಟು ಭಯ ಎಂಬುದು ಅವರ ವಾದ. ಎಲ್ಲ ನೋವಿಗೂ ಭಯವೇ ಮೂಲವೆಂಬಂತೆ ಬಿಂಬಿಸಿದ್ದು ಅತಿಯಾಯಿತೆಂಬ ಟೀಕೆಯೂ ಅವರ ಮೇಲಿದೆ. ಹೆದರಿದಾಗ ಅಡ್ರಿನಲಿನ್ ಹೆಚ್ಚಿ ಗರ್ಭಕೋಶದ ಸಂಕೋಚನ ಕುಂಠಿತವಾಗಬಲ್ಲದೆಂಬುದನ್ನು ಮಾತ್ರ ಇಂದಿನ ವೈದ್ಯಶಾಸ್ತ್ರವೂ ಒಪ್ಪುತ್ತದೆ. ನೋವು ನಿಜವಾದುದು, ಭಯ ಅದನ್ನು ಹಿಗ್ಗಿಸುತ್ತದೆ ಎಂದು ತಿಳಿದರೆ ಸಾಕು. ‘ನಾವೆಲ್ಲ ಹೆತ್ತಿಲ್ಲವೇ’ ಎಂಬ ಹಿರಿಯರ ಮಾತಿನಿಂದ ಎರಡೂ ಕಡಿಮೆಯಾಗುವುದಿಲ್ಲ.

ಭಯ ಯಾವುದರದು

ಹೆರಿಗೆಯ ಭಯ ಎಂದಾಗ ಅದು ಕೇವಲ ನೋವಿನ ಭಯವಲ್ಲ. ಒಂಟಿಯಾಗಿ ಬಾಗಿಲ ಒಳಗೆ ಹೋಗಬೇಕಾದ ಭಯ, ಕೂಗಿದರೆ ಬೈಸಿಕೊಳ್ಳುವ ಭಯ, ಹೊಟ್ಟೆ ಒತ್ತುವರೆಂಬ ಭಯ, ಹೊಲಿಗೆಯ ಭಯ, ಗುರುತಿಲ್ಲದವರೆದುರು ಮೈ ತೋರಬೇಕಾದ ಸಂಕೋಚ ಎಲ್ಲವೂ ಅದರಲ್ಲಿ ಬೆರೆತಿರುತ್ತವೆ. ಪಾವಗಡದ ಹಲವು ಹಳ್ಳಿಗಳ ಮನೆಮಾತು ತೆಲುಗು. ‘ನೊಪ್ಪುಲು’ ಎಂದು ಹೇಳಿಕೊಳ್ಳುವವಳಿಗೆ ಅದೇ ಭಾಷೆಯಲ್ಲಿ ಉತ್ತರಿಸುವ ಶುಶ್ರೂಷಕಿ ಸಿಕ್ಕರೆ ಅರ್ಧ ಭಯ ಅಲ್ಲಿಯೇ ಇಳಿಯುತ್ತದೆ.

ಈ ಭಯಗಳಿಗೆ ಆಧಾರವಿಲ್ಲವೆಂದು ತಳ್ಳಿಹಾಕುವುದು ಸರಿಯಲ್ಲ. 2022ರ ನವೆಂಬರ್‌ನಲ್ಲಿ ತುಮಕೂರು ನಗರದಲ್ಲಿ ತಾಯಿ ಕಾರ್ಡ್ ಹಾಗೂ ಆಧಾರ್ ಇಲ್ಲವೆಂಬ ಕಾರಣಕ್ಕೆ ಜಿಲ್ಲಾಸ್ಪತ್ರೆಯಿಂದ ಹಿಂದಿರುಗಿದ ಗರ್ಭಿಣಿಯೊಬ್ಬರು ಮನೆಯಲ್ಲೇ ಹೆತ್ತು ಅವಳಿ ಶಿಶುಗಳೊಂದಿಗೆ ಮೃತಪಟ್ಟ ಘಟನೆ ರಾಜ್ಯವನ್ನು ಕಲಕಿತ್ತು. ವೈದ್ಯೆ ಹಾಗೂ ಶುಶ್ರೂಷಕಿಯರ ಅಮಾನತು ಆಯಿತು. ತುರ್ತು ಸಂದರ್ಭದಲ್ಲಿ ದಾಖಲೆಗಾಗಿ ಚಿಕಿತ್ಸೆ ನಿರಾಕರಿಸಕೂಡದೆಂದು ಸರ್ಕಾರ ಸ್ಪಷ್ಟಪಡಿಸಿತು. 2023ರ ಜುಲೈನಲ್ಲಿ ತುಮಕೂರು ತಾಲೂಕಿನ ಗೊಲ್ಲರಹಟ್ಟಿಯೊಂದರಲ್ಲಿ ಸೂತಕದ ಹೆಸರಿನಲ್ಲಿ ಬಾಣಂತಿಯನ್ನು ಊರ ಹೊರಗಿನ ಗುಡಿಸಲಿನಲ್ಲಿ ಇರಿಸಿದಾಗ ಹಸುಗೂಸು ಪ್ರಾಣ ಬಿಟ್ಟಿತು. ಗೊಲ್ಲರಹಟ್ಟಿಗಳು ಈ ನಾಲ್ಕೂ ತಾಲೂಕುಗಳಲ್ಲಿವೆ. ಅಂಥ ಪದ್ಧತಿಯಿರುವ ಕಡೆ ಗರ್ಭಿಣಿಯ ಭಯ ಹೆರಿಗೆ ಕೋಣೆಯಲ್ಲಿ ಮುಗಿಯುವುದಿಲ್ಲ, ಬಹುಶಃ ಅಲ್ಲಿಂದಲೇ ಆರಂಭವಾಗುತ್ತದೆ.

ಹೆರಿಗೆಯ ಯೋಚನೆಯಿಂದಲೇ ನಿದ್ದೆಗೆಡುವುದು, ಎದೆ ಬಡಿತ ಏರುವುದು, ಮೊದಲ ಹೆರಿಗೆಯ ಕಹಿ ನೆನಪು ಮರುಕಳಿಸುವುದು, ಗರ್ಭವೇ ಬೇಡವೆನಿಸುವುದು ಇವು ವಾರಗಟ್ಟಲೆ ಮುಂದುವರಿದರೆ ಅದು ಚಿಕಿತ್ಸೆಗೆ ಒಳಪಡುವ ಸ್ಥಿತಿ. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಇದಕ್ಕೆ ಬೆಂಗಳೂರಿನ ನಿಮ್ಹಾನ್ಸ್ ಮಾರ್ಗದರ್ಶಿ ಸಂಸ್ಥೆಯಾಗಿದ್ದು, ಕನ್ನಡದಲ್ಲೇ ಮಾತನಾಡಬಹುದು, ಶುಲ್ಕವಿಲ್ಲ.

ಪಕ್ಕದಲ್ಲಿ ನಿಲ್ಲುವವರು

ಔಷಧವಿಲ್ಲದ ಉಪಾಯಗಳ ಪೈಕಿ ಹೆಚ್ಚು ಬಲವಾದ ಆಧಾರವಿರುವುದು ಸಂಗಾತಿಯ ಉಪಸ್ಥಿತಿಗೆ. 17 ದೇಶಗಳ 15 ಸಾವಿರಕ್ಕೂ ಹೆಚ್ಚು ಮಹಿಳೆಯರನ್ನೊಳಗೊಂಡ 26 ಅಧ್ಯಯನಗಳ ಫಲಿತಾಂಶವನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ಕಾಕ್ರೇನ್ ಪರಿಶೀಲನೆಯ ಪ್ರಕಾರ, ಹೆರಿಗೆಯುದ್ದಕ್ಕೂ ಒಬ್ಬರು ಜೊತೆಗಿದ್ದವರಲ್ಲಿ ಸಹಜ ಹೆರಿಗೆಯ ಸಾಧ್ಯತೆ ಹೆಚ್ಚು, ಸಿಸೇರಿಯನ್ ಹಾಗೂ ನೋವು ಔಷಧದ ಬಳಕೆ ಕಡಿಮೆ, ಹೆರಿಗೆಯ ಅವಧಿಯೂ ತುಸು ಕಡಿಮೆ. ಖರ್ಚಿಲ್ಲದ ಈ ‘ಔಷಧ’ವನ್ನು ಬಾಗಿಲ ಹೊರಗಿನ ಬೆಂಚಿನ ಮೇಲೆ ಕೂರಿಸುವುದು ಎಷ್ಟು ಸರಿ ಎಂಬುದನ್ನು ಆಸ್ಪತ್ರೆಗಳೇ ಯೋಚಿಸಬೇಕು.

ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲಿಯೇ ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆ ಸಂಗಾತಿಗೆ ಅವಕಾಶ ನೀಡುವ ಮಾರ್ಗಸೂಚಿ ಹೊರಡಿಸಿದೆ. ತಾನೂ ಹೆತ್ತ ಅನುಭವವಿರುವ ಮಹಿಳೆ ಸಂಗಾತಿಯಾಗಬಹುದು. ಏಕಾಂತದ ವ್ಯವಸ್ಥೆಯಿರುವ ಕಡೆ ಪತಿಯೂ ಇರಬಹುದು. 2017ರ ಡಿಸೆಂಬರ್‌ನಲ್ಲಿ ಆರಂಭವಾದ ‘ಲಕ್ಷ್ಯ’ ಕಾರ್ಯಕ್ರಮವೂ ಗೌರವಯುತ ಹೆರಿಗೆ ಸೇವೆಯನ್ನು ಗುಣಮಟ್ಟದ ಅಂಗವೆಂದು ಪರಿಗಣಿಸುತ್ತದೆ. ಆದರೂ ಹಾಸಿಗೆಗಳ ನಡುವೆ ಪರದೆಯಿಲ್ಲದ ಕೋಣೆಗಳಲ್ಲಿ ಜನದಟ್ಟಣೆಯ ಕಾರಣ ನೀಡಿ ಸಂಗಾತಿಯನ್ನು ತಡೆಯುವುದುಂಟು. ಒಂಬತ್ತನೆಯ ತಿಂಗಳ ತಪಾಸಣೆಗೆ ಹೋದಾಗಲೇ ಅತ್ತೆ, ಅಮ್ಮ, ಅಕ್ಕ ಯಾರು ಒಳಗೆ ಬರುತ್ತಾರೆಂದು ಹೇಳಿ ಒಪ್ಪಿಗೆ ಪಡೆದಿದ್ದರೆ ಆ ರಾತ್ರಿ ವಾದ ಮಾಡುವ ಪ್ರಮೇಯ ಬಾರದು. ಬರುವವರು ಧೈರ್ಯಸ್ಥೆಯಾಗಿರಬೇಕು, ಮಗಳು ಕೂಗಿದರೆ ತಾನೇ ಅಳುವವರನ್ನು ಹೊರಗಿರಿಸುವುದು ಲೇಸು.

ಸಂಗಾತಿ ಮಾಡಬೇಕಾದ ಕೆಲಸವೂ ಇದೆ. ಬೇನೆ ಬಂದಾಗ ಸೊಂಟದ ಕೆಳಭಾಗದ ಮೂಳೆಯ ಮೇಲೆ ಅಂಗೈಯಿಂದ ಬಲವಾಗಿ ಒತ್ತುವುದು, ಬಿಸಿನೀರಿನ ಬಟ್ಟೆಯಿಂದ ಶಾಖ ಕೊಡುವುದು, ನಿಧಾನವಾಗಿ ಉಸಿರು ಬಿಡಲು ನೆನಪಿಸುವುದು, ಬಿಡುವಿನಲ್ಲಿ ನೀರು ಕುಡಿಸುವುದು. ತೊಂದರೆಯ ಲಕ್ಷಣಗಳಿಲ್ಲದ ಗರ್ಭಿಣಿ ಹೆರಿಗೆಯ ವೇಳೆ ದ್ರವಾಹಾರ, ಲಘು ಆಹಾರ ಸೇವಿಸಬಹುದು. ನಡೆದಾಡಬಹುದು, ಕೂರಬಹುದು, ಮಂಡಿಯೂರಬಹುದು. ಮಲಗಿಯೇ ಇರಬೇಕೆಂಬ ನಿಯಮವಿಲ್ಲ. ಮುಕ್ಕುವ ಹಂತದಲ್ಲಿ ಶುಶ್ರೂಷಕಿ ಯೋನಿದ್ವಾರದ ಬಳಿ ಬಿಸಿ ಬಟ್ಟೆಯ ಶಾಖ ಕೊಟ್ಟರೆ ಗಂಭೀರ ಹರಿತ ಕಡಿಮೆಯಾಗುತ್ತದೆ. ಹೊಟ್ಟೆಯನ್ನು ಮೇಲಿನಿಂದ ಒತ್ತಿ ಮಗುವನ್ನು ತಳ್ಳುವುದನ್ನು, ಎಲ್ಲರಿಗೂ ಕಡ್ಡಾಯವೆಂಬಂತೆ ಯೋನಿದ್ವಾರ ಕತ್ತರಿಸುವುದನ್ನು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡುವುದಿಲ್ಲ. ಕತ್ತರಿಸಲೇಬೇಕಾದಾಗಲೂ ಹೊಲಿಗೆ ಹಾಕುವಾಗಲೂ ಆ ಜಾಗ ಮರಗಟ್ಟಿಸುವ ಲಿಗ್ನೋಕೇನ್ ಚುಚ್ಚುಮದ್ದು ಕೊಡಬೇಕು. ನೋವಾಗುತ್ತಿದೆ ಎಂದರೆ ಮದ್ದು ಇನ್ನೂ ನಾಟಿಲ್ಲವೆಂದು ಅರ್ಥ. ಹಾಗೆಂದು ಹೇಳಿ ಸ್ವಲ್ಪ ನಿಲ್ಲಿಸಲು ಕೇಳುವ ಹಕ್ಕು ಬಾಣಂತಿಗಿದೆ.

ಚುಚ್ಚುಮದ್ದು ಮತ್ತು ಅನಿಲ

ತಾಲೂಕು ಮಟ್ಟದಲ್ಲಿ ಸುಲಭವಾಗಿ ಒದಗಬಲ್ಲ ಔಷಧ ಎಂದರೆ ಸ್ನಾಯುವಿಗೆ ಅಥವಾ ರಕ್ತನಾಳಕ್ಕೆ ಕೊಡುವ ನೋವು ನಿವಾರಕ ಚುಚ್ಚುಮದ್ದು. ಟ್ರಮಡಾಲ್, ಪೆಂಟಾಜೋಸಿನ್, ಪೆಥಿಡಿನ್ ಈ ಗುಂಪಿನವು. ಇವು ನೋವನ್ನು ಅಳಿಸುವುದಿಲ್ಲ, ಮೊನೆಯನ್ನು ತುಸು ಮೊಂಡಾಗಿಸುತ್ತವೆ; ಬಿಡುವಿನಲ್ಲಿ ಕಣ್ಣು ಹತ್ತುವಂತೆ ಮಾಡುತ್ತವೆ. ವಾಕರಿಕೆ, ತಲೆಸುತ್ತು, ಮಂಪರು ಸಾಮಾನ್ಯ. ಹೆರಿಗೆಗೆ ಕೆಲವೇ ಗಂಟೆಗಳ ಮುಂಚೆ ಕೊಟ್ಟರೆ ಮಗು ಮಂಪರಿನಲ್ಲಿ ಹುಟ್ಟಿ ಉಸಿರಾಟ, ಹಾಲೂಡಿಕೆ ನಿಧಾನವಾಗಬಹುದು. ಆದ್ದರಿಂದಲೇ ಬಾಯಿ ಎಷ್ಟು ತೆರೆದಿದೆಯೆಂದು ನೋಡದೆ ಇವನ್ನು ಕೊಡುವಂತಿಲ್ಲ.

ಬಾಯಿ ಬೇಗ ತೆರೆಯಲೆಂದು ಕೊಡುವ ಡ್ರೊಟಾವೆರಿನ್ ಮುಂತಾದ ಸೂಜಿಗಳನ್ನು ನೋವು ನಿವಾರಕವೆಂದು ಮನೆಯವರು ತಪ್ಪು ತಿಳಿಯುವುದುಂಟು. ನೋವು ಬರಿಸುವ ಸೂಜಿಯೆಂದೇ ಹೆಸರಾದ ಆಕ್ಸಿಟೋಸಿನ್ ಅಂತೂ ತೀರ ವಿರುದ್ಧ ದಿಕ್ಕಿನದು. ಆಸ್ಪತ್ರೆಯಲ್ಲಿ ಡ್ರಿಪ್ ಮೂಲಕ ಹನಿ ಎಣಿಸಿ, ಮಗುವಿನ ಎದೆಬಡಿತ ನೋಡುತ್ತ ಕೊಡಬೇಕಾದ ಇದನ್ನು ಹಳ್ಳಿಯಲ್ಲಿ ನಕಲಿ ವೈದ್ಯರ ಕೈಯಲ್ಲಿ ಸೂಜಿಯಾಗಿ ಹಾಕಿಸಿಕೊಂಡರೆ ಗರ್ಭಕೋಶ ಹರಿದು ತಾಯಿ ಮಗು ಇಬ್ಬರ ಜೀವಕ್ಕೂ ಸಂಚಕಾರ. ಆಸ್ಪತ್ರೆಗೆ ಹೊರಡುವ ಮುನ್ನ ‘ಒಂದು ಸೂಜಿ ಹಾಕಿಸೋಣ’ ಎನ್ನುವವರ ಮಾತಿಗೆ ಕಿವಿಗೊಡಕೂಡದು.

ನೈಟ್ರಸ್ ಆಕ್ಸೈಡ್ ಮತ್ತು ಆಮ್ಲಜನಕ ಸಮಪ್ರಮಾಣದಲ್ಲಿ ಬೆರೆತ ಎಂಟೊನಾಕ್ಸ್ ಎಂಬ ಅನಿಲವನ್ನು ಮುಖವಾಡದ ಮೂಲಕ ಗರ್ಭಿಣಿಯೇ ಸೇದಿಕೊಳ್ಳಬಹುದು. ಬ್ರಿಟನ್ನಿನಲ್ಲಿ ಇದು ಮನೆಮಾತು. ಪರಿಣಾಮಕ್ಕೆ ಅರ್ಧ ನಿಮಿಷಕ್ಕೂ ಹೆಚ್ಚು ಬೇಕಾದುದರಿಂದ ಬೇನೆಯ ಮೊದಲ ಸುಳಿವಿಗೇ ಸೇದಲು ಆರಂಭಿಸಬೇಕು. ನಮ್ಮಲ್ಲಿ ಇದು ದೊಡ್ಡ ನಗರಗಳ ಕೆಲವು ಆಸ್ಪತ್ರೆಗಳಿಗೆ ಸೀಮಿತ.

ಎಪಿಡ್ಯೂರಲ್: ಹೇಗೆ, ಯಾರಿಗೆ, ಎಲ್ಲಿ

ಹೆರಿಗೆಗೆ ಅರಿವಳಿಕೆಯ ಇತಿಹಾಸ ಹಳೆಯದು. 1847ರಲ್ಲಿ ಎಡಿನ್‌ಬರೋದ ಜೇಮ್ಸ್ ಯಂಗ್ ಸಿಂಪ್ಸನ್ ಕ್ಲೋರೋಫಾರ್ಮ್ ಬಳಸಿದಾಗ ನೋವು ದೈವದತ್ತವೆಂದು ವಾದಿಸಿದವರಿದ್ದರು. 1853ರಲ್ಲಿ ವಿಕ್ಟೋರಿಯಾ ರಾಣಿ ತನ್ನ ಎಂಟನೆಯ ಹೆರಿಗೆಗೆ ಅದನ್ನೇ ಸ್ವೀಕರಿಸಿದ ಬಳಿಕ ಆ ವಾದ ತಣ್ಣಗಾಯಿತು. ಸೊಂಟದ ಎಪಿಡ್ಯೂರಲ್ ವಿಧಾನವನ್ನು 1921ರಲ್ಲಿ ಪ್ರಕಟಿಸಿದವರು ಸ್ಪೇನಿನ ಸೇನಾ ವೈದ್ಯ ಫಿಡೆಲ್ ಪಾಗೆಸ್. ಇಂದು ಹೆರಿಗೆ ನೋವಿಗೆ ಇದಕ್ಕಿಂತ ಪರಿಣಾಮಕಾರಿಯಾದ ಉಪಾಯವಿಲ್ಲ.

ಬೆನ್ನಿನ ಕೆಳಭಾಗದಲ್ಲಿ ಎರಡು ಮೂಳೆಗಳ ನಡುವಿನಿಂದ ಸೂಜಿ ತೂರಿಸಿ, ಮಿದುಳುಬಳ್ಳಿಯ ಹೊದಿಕೆಯ ಹೊರಗಿನ ಜಾಗಕ್ಕೆ ದಾರದಷ್ಟು ತೆಳುವಾದ ಕೊಳವೆ ಇರಿಸಲಾಗುತ್ತದೆ. ಸೂಜಿ ಹೊರಬರುತ್ತದೆ, ಕೊಳವೆ ಉಳಿಯುತ್ತದೆ. ಅದರ ಮೂಲಕ ಬುಪಿವಕೇನ್ ಅಥವಾ ರೋಪಿವಕೇನ್ ಎಂಬ ಮರಗಟ್ಟಿಸುವ ಔಷಧವನ್ನು ಅಲ್ಪಪ್ರಮಾಣದ ಫೆಂಟನಿಲ್ ಜೊತೆ ಹಾಯಿಸಿದರೆ ಹದಿನೈದು ಇಪ್ಪತ್ತು ನಿಮಿಷಗಳಲ್ಲಿ ನೋವು ಇಳಿಯುತ್ತದೆ; ಎಚ್ಚರ ಇದ್ದೇ ಇರುತ್ತದೆ. ಹೆರಿಗೆ ಮುಗಿಯುವವರೆಗೆ ಔಷಧ ಮುಂದುವರಿಸಬಹುದು. ಸಿಸೇರಿಯನ್ ಅನಿವಾರ್ಯವಾದರೆ ಅದೇ ಕೊಳವೆಯ ಮೂಲಕ ಹೆಚ್ಚಿನ ಔಷಧ ಕೊಟ್ಟು ಶಸ್ತ್ರಚಿಕಿತ್ಸೆ ಮಾಡಬಹುದು. ಸಿಸೇರಿಯನ್ನಿಗೆ ಸಾಮಾನ್ಯವಾಗಿ ಕೊಡುವ ಸ್ಪೈನಲ್ ಬೇರೆ, ಅದು ಒಂದೇ ಬಾರಿಯ ಚುಚ್ಚುಮದ್ದು.

ಬೆನ್ನಿಗೆ ಸೂಜಿ ಹಾಕಿಸಿದರೆ ಜೀವಮಾನವಿಡೀ ಸೊಂಟ ನೋವು ಎಂಬ ಮಾತು ಊರೂರಿನಲ್ಲೂ ಇದೆ. ಎಪಿಡ್ಯೂರಲ್ ಪಡೆದವರಲ್ಲಿ, ಪಡೆಯದವರಲ್ಲಿ ದೀರ್ಘಕಾಲದ ಸೊಂಟ ನೋವಿನ ಪ್ರಮಾಣ ಒಂದೇ ಎಂದು ಅಧ್ಯಯನಗಳು ತೋರಿಸಿವೆ. ಸಿಸೇರಿಯನ್ ಸಾಧ್ಯತೆಯನ್ನು ಇದು ಹೆಚ್ಚಿಸುವುದೂ ಇಲ್ಲ. ನಿಜವಾದ ಅಡ್ಡಪರಿಣಾಮಗಳು ಬೇರೆ: ರಕ್ತದೊತ್ತಡ ಇಳಿಯಬಹುದು, ತುರಿಕೆ, ಜ್ವರ ಕಾಣಿಸಬಹುದು, ಮೂತ್ರಕ್ಕೆ ನಳಿಕೆ ಬೇಕಾಗಬಹುದು, ಕಾಲು ಭಾರವೆನಿಸಬಹುದು, ಮುಕ್ಕುವ ಹಂತ ತುಸು ದೀರ್ಘವಾಗಬಹುದು. ನೂರರಲ್ಲಿ ಒಬ್ಬರಿಗೆ ಕೆಲವು ದಿನ ತೀವ್ರ ತಲೆನೋವು ಬರುವುದುಂಟು, ಅದಕ್ಕೆ ಚಿಕಿತ್ಸೆಯಿದೆ. ರಕ್ತ ಹೆಪ್ಪುಗಟ್ಟುವಿಕೆಯ ತೊಂದರೆ, ತೀರ ಕಡಿಮೆ ಪ್ಲೇಟ್‌ಲೆಟ್, ಬೆನ್ನಿನ ಮೇಲೆ ಸೋಂಕು ಇರುವವರಿಗೆ ಇದನ್ನು ಕೊಡುವುದಿಲ್ಲ. ಮಗುವಿನ ತಲೆ ಕಾಣಿಸುವ ಹೊತ್ತಿಗೆ ಕೇಳಿದರೆ ಸಮಯ ಮೀರಿರುತ್ತದೆ.

ಇಷ್ಟೆಲ್ಲ ಅನುಕೂಲವಿದ್ದೂ ಇದು ತಾಲೂಕಿನಲ್ಲಿ ಅಪರೂಪವಾಗಲು ಕಾರಣ ಔಷಧದ ಬೆಲೆಯಲ್ಲ. ಎಪಿಡ್ಯೂರಲ್ ಹಾಕಿದ ಮೇಲೆ ಅರಿವಳಿಕೆ ತಜ್ಞರು ಹೆರಿಗೆ ಮುಗಿಯುವವರೆಗೆ ಕೈಗೆಟಕುವಂತಿರಬೇಕು. ರಕ್ತದೊತ್ತಡ, ಶಿಶುವಿನ ಎದೆಬಡಿತಗಳನ್ನು ಪದೇಪದೇ ನೋಡುವ ಸಿಬ್ಬಂದಿ ಬೇಕು. ತಾಲೂಕು ಆಸ್ಪತ್ರೆಗಳಲ್ಲಿ ತಜ್ಞರ ಸಮಯ ಶಸ್ತ್ರಚಿಕಿತ್ಸೆಗಳಿಗೇ ಸಾಲದಿರುವುದು ರಾಜ್ಯದ ಎಲ್ಲೆಡೆಯ ಕಥೆ. ಆದ್ದರಿಂದ ಎಪಿಡ್ಯೂರಲ್ ಬೇಕೇಬೇಕೆನ್ನುವವರು ತುಮಕೂರು ಅಥವಾ ಬೆಂಗಳೂರಿನ ಆಸ್ಪತ್ರೆಯನ್ನು ಮೊದಲೇ ಗೊತ್ತುಮಾಡಿಕೊಂಡು, ಕೊನೆಯ ವಾರಗಳಲ್ಲಿ ಅದರ ಸಮೀಪವೇ ಉಳಿಯುವುದು ವಾಸ್ತವಿಕ. ಕೊರಟಗೆರೆಯಿಂದ ತುಮಕೂರು 26 ಕಿ.ಮೀ. ಆಸುಪಾಸು, ಮಧುಗಿರಿಯಿಂದ ನಲವತ್ತಕ್ಕೂ ಹೆಚ್ಚು, ಶಿರಾದಿಂದ ಹೆದ್ದಾರಿಯಲ್ಲಿ ಐವತ್ತರಷ್ಟು. ಮೂರೂ ಕಡೆಯಿಂದ ಚೊಚ್ಚಲ ಹೆರಿಗೆಗೆ ಬೇನೆಯ ಆರಂಭದಲ್ಲೇ ಹೊರಟರೆ ತಲುಪಬಹುದು. ಪಾವಗಡದ ಮಾತು ಬೇರೆ. ಬಹುತೇಕ ಎಲ್ಲ ಕಡೆ ಆಂಧ್ರಪ್ರದೇಶದಿಂದ ಸುತ್ತುವರಿದ ಈ ತಾಲೂಕು ಕೇಂದ್ರದಿಂದ ತುಮಕೂರಿಗೆ ಸುಮಾರು ನೂರು ಕಿ.ಮೀ.; ಹಳ್ಳಿಗಳಿಂದ ಇನ್ನೂ ಹೆಚ್ಚು. ನೋವು ಶಮನಕ್ಕಾಗಿ ಬೇನೆಯ ನಡುವೆ ಅಷ್ಟು ದೂರ ಪ್ರಯಾಣಿಸುವುದು ಜಾಣತನವಲ್ಲ.

ಸಿಸೇರಿಯನ್ ನೋವು ಶಮನದ ದಾರಿಯಲ್ಲ

ನೋವಿಗೆ ಹೆದರಿ ‘ಆಪರೇಷನ್ನೇ ಮಾಡಿಬಿಡಿ’ ಎಂದು ಕೇಳುವವರಿದ್ದಾರೆ. ಮುಹೂರ್ತ ನೋಡಿ ಕೇಳುವವರೂ ಇದ್ದಾರೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಸಿಸೇರಿಯನ್ ಪ್ರಮಾಣ 2015-16ರಲ್ಲಿ ಶೇ. 23.6 ಇದ್ದದ್ದು 2019-21ಕ್ಕೆ ಶೇ. 31.5ಕ್ಕೆ ಏರಿದೆ. ಇದೆಲ್ಲವೂ ಭಯದಿಂದ ಆದುದಲ್ಲ, ಆದರೆ ಭಯದ ಪಾಲೂ ಇದರಲ್ಲಿದೆ.

ಅಗತ್ಯವಿದ್ದಾಗ ಸಿಸೇರಿಯನ್ ಜೀವರಕ್ಷಕ. ಅಗತ್ಯವಿಲ್ಲದಾಗ ಅದು ಒಂದು ದಿನದ ನೋವನ್ನು ವಾರಗಳಿಗೆ ಹಂಚುವ ಶಸ್ತ್ರಚಿಕಿತ್ಸೆ. ರಕ್ತನಷ್ಟ ಹೆಚ್ಚು, ಸೋಂಕಿನ ಅಪಾಯ ಹೆಚ್ಚು, ಮುಂದಿನ ಗರ್ಭದಲ್ಲಿ ಮಾಸು ಹಳೆಯ ಗಾಯಕ್ಕೆ ಕಚ್ಚಿಕೊಳ್ಳುವ ಗಂಭೀರ ತೊಂದರೆಗೂ ದಾರಿ. 2011ರಲ್ಲಿ ಜಾರಿಗೆ ಬಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಸರ್ಕಾರ ಉಚಿತ ಊಟವನ್ನು ಸಹಜ ಹೆರಿಗೆಗೆ 3 ದಿನ, ಸಿಸೇರಿಯನ್ನಿಗೆ 7 ದಿನ ಎಂದು ನಿಗದಿಪಡಿಸಿರುವುದರಲ್ಲೇ ಚೇತರಿಕೆಯ ಅಂತರ ಕಾಣುತ್ತದೆ. ಪಾವಗಡದ ಸರ್ಕಾರಿ ತಾಯಿ-ಮಕ್ಕಳ ಆಸ್ಪತ್ರೆಯಲ್ಲಿ 2024ರ ಫೆಬ್ರುವರಿಯಲ್ಲಿ ಶಸ್ತ್ರಚಿಕಿತ್ಸೆಗೊಳಗಾದ ಮಹಿಳೆಯರ ಪೈಕಿ ಮೂವರು ಮೃತಪಟ್ಟರು. ಅವರಲ್ಲಿ ಒಬ್ಬರದು ಸಿಸೇರಿಯನ್. ಸೋಂಕಿನ ಹಿನ್ನೆಲೆಯಲ್ಲಿ ವಿಚಾರಣೆ ನಡೆದು ಸಿಬ್ಬಂದಿಯ ವಿರುದ್ಧ ಕ್ರಮವಾಯಿತು. ಅದೇ ವರ್ಷದ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಬಳಿಕ ಬಾಣಂತಿಯರು ಸರಣಿಯಾಗಿ ಸಾವನ್ನಪ್ಪಿದ್ದು ಇನ್ನೂ ಜನಮನದಲ್ಲಿದೆ. ಗರ್ಭಿಣಿಯರನ್ನು ಹೆದರಿಸಲು ಈ ಮಾತಲ್ಲ. ವೈದ್ಯರು ಅಗತ್ಯವೆಂದಾಗ ಹಿಂಜರಿಯಬಾರದು, ಆದರೆ ನೋವಿನಿಂದ ತಪ್ಪಿಸಿಕೊಳ್ಳುವ ಸುಲಭ ದಾರಿಯೆಂದು ಕುಟುಂಬವೇ ಒತ್ತಾಯಿಸಬಾರದು.

ಹೊರಡುವ ಹೊತ್ತು

ಚೊಚ್ಚಲ ಗರ್ಭಿಣಿಯರಿಗೆ ಐದೈದು ನಿಮಿಷಕ್ಕೊಮ್ಮೆ, ಒಂದೊಂದು ನಿಮಿಷದಷ್ಟು ದೀರ್ಘವಾಗಿ, ಒಂದು ಗಂಟೆಯ ಕಾಲ ಬೇನೆ ಬಂದರೆ ಹೊರಡುವ ಸಮಯ. ನಡೆದಾಡಿದರೆ ಕಡಿಮೆಯಾಗುವ, ಅಂತರ ಹೊಂದಿಕೆಯಾಗದ ನೋವು ಸಾಮಾನ್ಯವಾಗಿ ಸುಳ್ಳು ನೋವು. ಎರಡನೆಯ ಹೆರಿಗೆಯವರೂ ದೂರದ ಹಳ್ಳಿಯವರೂ ಇದಕ್ಕಿಂತ ಮೊದಲೇ ಹೊರಡಬೇಕು. ನೀರೊಡೆದರೆ, ರಕ್ತ ಹೋದರೆ, ನೀರು ಹಸಿರಾಗಿದ್ದರೆ, ಮಗುವಿನ ಚಲನೆ ಕಡಿಮೆಯಾದರೆ, ತೀವ್ರ ತಲೆನೋವು ಅಥವಾ ಕಣ್ಣು ಮಂಜಾದರೆ, ಫಿಟ್ಸ್ ಬಂದರೆ ಬೇನೆಗೆ ಕಾಯದೆ 108ಕ್ಕೆ ಕರೆ ಮಾಡಬೇಕು.

ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧ, ಪರೀಕ್ಷೆ, ರಕ್ತ, ಹೋಗಿಬರುವ ವಾಹನ ಎಲ್ಲವೂ ಉಚಿತ. ನೋವು ನಿವಾರಕ ಚುಚ್ಚುಮದ್ದಿಗೆ ಹಣ ಕೇಳುವಂತಿಲ್ಲ. ಖಾಸಗಿ ಆಸ್ಪತ್ರೆಗಳಲ್ಲಿ ಎಪಿಡ್ಯೂರಲ್‌ಗೆ ಅರಿವಳಿಕೆ ತಜ್ಞರ ಶುಲ್ಕ ಪ್ರತ್ಯೇಕವಾಗಿರುವುದು ರೂಢಿ. ರಾತ್ರಿ ವೇಳೆಯೂ ಅದು ಲಭ್ಯವೇ, ಒಟ್ಟು ಎಷ್ಟಾಗುತ್ತದೆ ಎಂಬುದನ್ನು ಮೊದಲೇ ಬರೆಸಿಕೊಳ್ಳುವುದು ಒಳ್ಳೆಯದು. ಬೆಂಗಳೂರಿನಲ್ಲಿ ತಪಾಸಣೆ ಮಾಡಿಸಿಕೊಂಡು ತವರಿಗೆ ಬರುವವರು ತಾಯಿ ಕಾರ್ಡ್, ಸ್ಕ್ಯಾನಿಂಗ್ ವರದಿಗಳು, ಹಿಮೋಗ್ಲೋಬಿನ್ ಹಾಗೂ ಪ್ಲೇಟ್‌ಲೆಟ್ ಪರೀಕ್ಷೆಯ ಪ್ರತಿಗಳನ್ನು ತಪ್ಪದೆ ತರಬೇಕು. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಗರ್ಭಿಣಿಯರ ತಪಾಸಣೆ ನಡೆಯುತ್ತದೆ. ತವರಿಗೆ ಬಂದ ನಂತರದ ಮೊದಲ 9ನೆಯ ತಾರೀಖಿನಂದು ಅಲ್ಲಿಗೆ ಹೋಗಿ ಹೆಸರು ನೋಂದಾಯಿಸಿ, ಹೆರಿಗೆ ಕೋಣೆಯನ್ನು ಒಮ್ಮೆ ಕಣ್ಣಾರೆ ನೋಡಿ, ಸಂಗಾತಿಗೆ ಅವಕಾಶವಿದೆಯೇ, ನೋವಿಗೆ ಯಾವ ಔಷಧ ಕೊಡುತ್ತಾರೆ, ಅರಿವಳಿಕೆ ತಜ್ಞರು ಯಾವ ದಿನಗಳಲ್ಲಿ ಇರುತ್ತಾರೆ, ಇಲ್ಲದಿದ್ದರೆ ಯಾವ ಆಸ್ಪತ್ರೆಗೆ ಕಳಿಸುತ್ತಾರೆ ಎಂದು ಕೇಳಿಕೊಂಡು ಬರಬಹುದು. ಊರಿನ ಆಶಾ ಕಾರ್ಯಕರ್ತೆಯನ್ನು ಜೊತೆಗೆ ಕರೆದೊಯ್ದರೆ ಮಾತನಾಡಿಸುವುದು ಸುಲಭ.